ಜೋಳದ ಹಿಟ್ಟಿನ ಅಂಟು

"ಇವತ್ತ ಯಾರ ಬಾಯಿ ಮುಚ್ಚೂದೈತ್ರಿ?" ಒಲೆಯ ಮುಂದಿನಿಂದ ಏಳದೆಯೇ ಮಲಕವ್ವ ಕೇಳಿದಳು.

ಅವಳ ಗಂಡ ಶಿವಯೋಗೆಪ್ಪ ಕೈಯಲ್ಲಿದ್ದ ಸಣ್ಣ ಹಿತ್ತಾಳೆ ಬೋಗುಣಿಯನ್ನು ಹೊಸ್ತಿಲ ಮೇಲಿಟ್ಟು ಗೋಡೆಗೊರಗಿ ಕೂತ. ಆ ಬೋಗುಣಿ ಬಂತೆಂದರೆ ಅಂಟು ಬೇಕು ಎಂದರ್ಥ; ಬಾಯಿಬಿಟ್ಟು ಹೇಳುವ ಅಗತ್ಯ ಈಗ ಉಳಿದಿರಲಿಲ್ಲ.

"ತ್ವಾಳದ್ದು," ಎಂದ.

"ತ್ವಾಳ ಏನ ಮಾಡೇತ್ರಿ ಪಾಪ? ದೇವರದಾತು, ಮೀನಿಂದಾತು, ಈಗ ತ್ವಾಳದ ಪಾಳಿ ಬಂತೇನು? ಗೋದಿ ಹಿಟ್ಟ ಮಾತ್ರ ಕೇಳಬ್ಯಾಡ್ರಿ ಮತ್ತ. ಹೋಳಿಗಿಗೆ ಇಟ್ಟೀನಿ. ನಿಮ್ಮ ಪುಸ್ತಕಕ್ಕ ಜ್ವಾಳ ಸಾಕು."

ಜೋಳದ ಹಿಟ್ಟಿನ ಅಂಟು ಅಂಟೇ ಅಲ್ಲ. ಹಸಿಯಿದ್ದಾಗ ಚೆನ್ನಾಗಿಯೇ ಹಿಡಿಯುತ್ತದೆ, ಒಣಗಿದ ಮೇಲೆ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಇದು ಶಿವಯೋಗೆಪ್ಪನಿಗೂ ಗೊತ್ತು, ಮಲಕವ್ವನಿಗೂ ಗೊತ್ತು. ಗೋದಿ ಹಿಟ್ಟು ಕೊಡು ಎಂದು ಅವನು ಎಂದೂ ಜೋರು ಮಾಡಿದ್ದಿಲ್ಲ. ಜೋರು ಮಾಡುವಷ್ಟು ಕಸುವು ಯಾವ ವಿಷಯಕ್ಕೂ ಅವನಲ್ಲಿ ಉಳಿದಿರಲಿಲ್ಲ ಎನ್ನುವುದೇ ಸರಿ.

ತಲೆ ನರೆಯುವವರೆಗೆ ಕನ್ನಡ ಸಾಲಿಯಲ್ಲಿ ಮಗ್ಗಿ ಹೇಳಿಸಿ, ಪೆನ್ಶನ್ ಬಂದ ಮೇಲೆ ಊರ ವಾಚನಾಲಯ ನೋಡಿಕೊಳ್ಳಲು ಒಪ್ಪಿಕೊಂಡಿದ್ದ. ಪುಸ್ತಕ ಹುಡುಗರಂತೆ ಗದ್ದಲ ಮಾಡುವುದಿಲ್ಲ, ಇನ್ನು ಆರಾಮ ಎಂದುಕೊಂಡಿದ್ದ ಪುಣ್ಯಾತ್ಮ. ಗದ್ದಲ ಪುಸ್ತಕದ್ದಲ್ಲ, ಪುಸ್ತಕ ಓದದವರದ್ದು ಎಂಬುದು ಆಮೇಲೆ ತಿಳಿಯಿತು. ವಾಚನಾಲಯವೆಂದರೂ ಅದೇನು ದೊಡ್ಡದಲ್ಲ. ದವಸದ ವ್ಯಾಪಾರಿ ಸೋಮನಿಂಗಪ್ಪ ಸಾವಕಾರರು ಧರ್ಮಕ್ಕೆಂದು ಬಿಟ್ಟುಕೊಟ್ಟ ಒಂದು ಖೋಲಿ, ಎರಡು ಕಪಾಟು. ದೊಡ್ಡ ಕಪಾಟಿನಲ್ಲಿ ಮಹಾರಾಷ್ಟ್ರ ಸರಕಾರ ಕಳಿಸಿದ ಮರಾಠಿ ಪುಸ್ತಕ. ಅವುಗಳ ಬಗ್ಗೆ ಯಾರದೂ ತಕರಾರಿರಲಿಲ್ಲ, ಏಕೆಂದರೆ ಯಾರೂ ತೆಗೆಯುತ್ತಿರಲಿಲ್ಲ. ಸಣ್ಣ ಕಪಾಟಿನಲ್ಲಿ ಮಕ್ಕಳ ಕನ್ನಡ ಪುಸ್ತಕ. ಸಾವಕಾರರು ವ್ಯಾಪಾರಕ್ಕೆ ವಿಜಾಪುರಕ್ಕೆ ಹೋದಾಗ ತಮ್ಮ ಕೈಯಾರೆ ಕೊಂಡು ತಂದವು. ಊರಿನ ಮಕ್ಕಳು ಮುಗಿಬಿದ್ದು ಓದುತ್ತಿದ್ದುದು ಅವನ್ನೇ. ಹಾಗಾಗಿ ಫಜೀತಿಯೂ ಅಲ್ಲೇ ಹುಟ್ಟಿತು.

ಸಾವಕಾರರು ಕೆಟ್ಟವರಲ್ಲ. ಮಕ್ಕಳ ಮೇಲೆ ಜೀವ ಇಟ್ಟ ಮನುಷ್ಯ. ಒಮ್ಮೆ ಅವರ ಮೊಮ್ಮಗಳು ಪೂಜೆಯ ಹೊತ್ತಿಗೆ, "ಮುತ್ಯಾ, ದೇವರಿಗೂ ನಿದ್ದಿ ಬರ್ತೈತೇನ? ಗುಡಿ ಬಾಗಲಾ ಯಾಕ ಹಾಕ್ತಾರ?" ಎಂದು ಕೇಳಿದಳು. ಎಲ್ಲಿ ಕಲಿತಿ ಎಂದರೆ ಪುಸ್ತಕದಲ್ಲಿ ಎಂದಳು. ಅಂದೇ ಆ ಪುಸ್ತಕ ಹಿಡಿದು ಸಾವಕಾರರು ಬಂದರು. ಶಿವಯೋಗೆಪ್ಪ, ಬೇಡವಾದರೆ ಪುಸ್ತಕವನ್ನೇ ತೆಗೆದುಬಿಡೋಣ ಎಂದ. ಅವರು ನಾಲಿಗೆ ಕಚ್ಚಿಕೊಂಡರು. "ಅಕ್ಷರ ಒಗಿಯಾಕ ಬರ್ತೈತೇನ್ರಿ ಮಾಸ್ತರ್ರ? ಹರಿಯಾಕಂತೂ ಬರೂದಿಲ್ಲ, ಅದರ ಮ್ಯಾಲ ಮಸಿ ಬಳದ್ರೂ ಪಾಪ. ಎರಡು ಹಾಳಿ ಕೂಡಿಸಿ ಅಂಟಸಿಬಿಡ್ರಿ. ಅಕ್ಷರಾನೂ ಉಳಿತೈತಿ, ಹುಡುಗರ ತಲಿನೂ ಉಳಿತೈತಿ."

ಕಾಗದಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಊರು ಅದು. ಸಾವಕಾರರ ಉಪಾಯ ಎಲ್ಲರಿಗೂ ಹಿಡಿಸಿತು. ದೇವರ ಹಾಳೆ ಅಂಟಿತು. ಹುಡುಗನೊಬ್ಬ ಮೀನು ಹುರಿದು ತಿನ್ನುವ ಹಾಳೆ ಅಂಟಿತು. ಸೊಸೆಯೊಬ್ಬಳು ಎದುರು ಮಾತಾಡುವ ಹಾಳೆಯೂ ಅಂಟಿತು. ಅದನ್ನು ಕೇಳಿಕೊಂಡು ಬಂದವರು ಮಾತ್ರ ಸಾವಕಾರರಲ್ಲ, ಊರಿನ ಅತ್ತೆಯರು. ದಪ್ಪ ಹಾಳೆ ಬಿಚ್ಚಿದವರಿಗೆ ವಿದ್ಯೆ ಹತ್ತುವುದಿಲ್ಲ ಎಂದು ಸಾವಕಾರರು ಮಕ್ಕಳಿಗೆ ಹೇಳಿಟ್ಟಿದ್ದರು. ಮಕ್ಕಳು ನಂಬಿದ್ದರು. ನಡುವೆ ಎಲ್ಲೋ ಒಂದು ದಪ್ಪ ಹಾಳೆ ಬಂದು, ಅದರಾಚೆ ಏನೂ ಆಗದವರಂತೆ ಎಲ್ಲರೂ ಮಾತಾಡುತ್ತಿರುವುದಕ್ಕೇ ಕಥೆ ಎನ್ನುತ್ತಾರೆ ಎಂದು ಆ ಊರಿನ ಮಕ್ಕಳು ತಿಳಿದಿದ್ದರೆ ಅದರಲ್ಲಿ ಅವರ ತಪ್ಪಿಲ್ಲ.

ಈಗ ತೋಳದ ಹಾಳೆ ಅಂಟಿಸಿರೆಂದು ಬಂದವನು ಕುರಿ ಕಾಯುವ ಅಮಸಿದ್ದ. ಅರವತ್ತೊಂಬತ್ತನೆಯ ಇಸವಿಯ ಚಳಿಗಾಲ, ಗುಡ್ಡಾಪುರದ ದಾನಮ್ಮನ ಅಮವಾಸ್ಯೆಗೆ ನಡೆದುಹೋಗಿ ಬಂದವರ ಕಾಲುನೋವು ಇನ್ನೂ ಇಳಿಯದ ದಿನಗಳು. ಮುಂಜಾನೆ ಶಿವಯೋಗೆಪ್ಪ ವಾಚನಾಲಯದ ಬಾಗಿಲ ಕುಲೂಪು ತೆಗೆಯುವುದಕ್ಕೇ ಕಾದು ನಿಂತವನಂತೆ ಬಂದು, ಕಂಬಳಿಯೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

"ತಗೋರಿ ಮಾಸ್ತರ್ರ. ಇನ್ನ ನಮ್ಮ ಸಂಗಿ ಬರೂದಿಲ್ಲ. ಪುಸ್ತಕನೂ ಸಾಕು, ಸಾಲಿನೂ ಸಾಕು."

ಸಂಗವ್ವ ಅವನ ಒಬ್ಬಳೇ ಮಗಳು. ಸಣ್ಣ ಕಪಾಟಿನ ಪುಸ್ತಕಗಳನ್ನೆಲ್ಲ ಮುಗಿಸಿ ಎರಡನೆಯ ಸುತ್ತು ಹಿಡಿದಿದ್ದ ಹುಡುಗಿ. ಶಿವಯೋಗೆಪ್ಪ ಬೆಳಿಗ್ಗೆ ಎದ್ದು ಬಂದು ಕುಲೂಪು ತೆಗೆಯುತ್ತಿದ್ದುದಕ್ಕೆ ಏನಾದರೂ ಅರ್ಥವಿದ್ದರೆ ಅದು ಅವಳೇ ಆಗಿದ್ದಳು.

"ಯಾಕೋ ಅಮಸಿದ್ದಾ? ಏನಾತು?"

"ತ್ವಾಳ ಚಲೋದೈತಂತ್ರಿ ಇದರಾಗ. ಕುರಿಮರಿ ಗೆಳ್ಯಾ ಅಂತ. ಇದನ್ನ ಬರದಾವ ಎಂದಾದ್ರೂ ಕುರಿ ಕಾದಾನೇನ್ರಿ?"

ಆಮೇಲೆ ಅವನು ಹೇಳಿದ್ದು ಇಷ್ಟು. ಐತವಾರ ಸಾಲಿ ಇರಲಿಲ್ಲ. ಸೊರಡಿ ಊರಿನ ಕಡೆಯ ಮಡ್ಡಿಯ ಬಯಲಲ್ಲಿ ಸಣ್ಣ ಮರಿಗಳ ಹತ್ತಿರ ಸಂಗಿಯನ್ನು ಬಿಟ್ಟು, ದೊಡ್ಡ ಕುರಿಗಳನ್ನೂ ನಾಯಿಯನ್ನೂ ಕರೆದುಕೊಂಡು ಇವನು ಹಳ್ಳಕ್ಕೆ ನೀರು ಕುಡಿಸಲು ಇಳಿದಿದ್ದ. ತಿರುಗಿ ಬರುವಷ್ಟರಲ್ಲಿ ಒಂದು ಮರಿ ಇರಲಿಲ್ಲ. ಸಂಗಿಯೇ ಬಾಟಲಿ ಹಾಲು ಕುಡಿಸಿ ಸಾಕಿದ, ಹಣೆಯ ಮೇಲೆ ಬಿಳಿ ಚುಕ್ಕಿಯಿದ್ದ ಮರಿ. ಅವಳು ಅದಕ್ಕೆ ಚುಕ್ಕಿ ಎಂದೇ ಕರೆಯುತ್ತಿದ್ದಳು.

"ಕೂಗಿದ್ರ ಸಾಕಾಗಿತ್ರಿ. ಒಂದ ಕಲ್ಲ ಒಗದಿದ್ರೂ ಓಡಿ ಹೋಗ್ತಿತ್ತು. ಇಕಿ ನಿಂತ ನೋಡ್ಯಾಳ. ಯಾಕ ಕೂಗಲಿಲ್ಲ ಅಂತ ಹೊಡದು ಕೇಳಿದ್ರ, ಅದು ಗೆಳೆತನಾ ಮಾಡಾಕ ಬಂದಿತ್ತು ಅಂತಾಳ. ಬೆಕ್ಕು ತನ್ನ ಮರೀನ ಒಯ್ದಂಗ ಕುತಗಿ ಹಿಡದು ಮೆಲ್ಲಕ ಒಯ್ತು ಅಂತಾಳ."

ಅಮಸಿದ್ದನ ದನಿ ಇಳಿಯಿತು.

"ಜಾಲಿಗಿಡದ ಬುಡಕ ಮರೀ ಉಣ್ಣೆ ಸಿಕ್ಕಿತ್ರಿ, ಒಂದ ಕಾಲು ಸಿಕ್ಕಿತು. ಕಲ್ಲ ಮುಚ್ಚಿ ಬಂದೀನಿ. ಅಕಿಗೆ ಹೇಳಿಲ್ಲ. ಮೊದಲ ಊಟಾ ಬಿಟ್ಟಾಳ. ದಿಕ್ಕ ತಪ್ಪೈತಿ, ತಿರುಗಿ ಬರ್ತೈತಿ ಅಂದೀನಿ. ಇವತ್ತ ಮರಿ ಹೋತು ಮಾಸ್ತರ್ರ. ನಾಳಿ ಅಕೀನ ಅದರ ಮುಂದ ಹೋಗಿ ನಿಂತ್ರ ನಾ ಏನ ಮಾಡ್ಲಿ?"

ಶಿವಯೋಗೆಪ್ಪ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

"ಸಾವಕಾರ್ರು ಹೇಳಿದ್ದ ಅಂಟಸ್ತೀರಿ, ಹೆಣ್ಮಕ್ಕಳು ಹೇಳಿದ್ದ ಅಂಟಸ್ತೀರಿ. ನಂದೂ ಒಂದು ಕೇಳ್ರಿ. ಇದರಾಗ ತ್ವಾಳ ಇದ್ದ ಹಾಳಿ ಒಂದೂ ಬಿಡಬ್ಯಾಡ್ರಿ."

"ಆತು," ಎಂದ ಶಿವಯೋಗೆಪ್ಪ. ಸುಲಭವಾಗಿ ಬರುತ್ತಿದ್ದ ಮಾತು ಅದೊಂದೇ.

ಹೀಗೆ ಬೋಗುಣಿ ಮನೆಗೆ ಬಂತು, ಮಲಕವ್ವ ಗೊಣಗುತ್ತ ಹಿಟ್ಟು ಕುದಿಸಿಕೊಟ್ಟಳು, ಮಧ್ಯಾಹ್ನದ ಹೊತ್ತಿಗೆ ಶಿವಯೋಗೆಪ್ಪ ಬೆಚ್ಚಗಿನ ಅಂಟನ್ನು ಮೇಜಿನ ಮೇಲಿಟ್ಟುಕೊಂಡು ಪುಸ್ತಕ ತೆರೆದ. ತೆಳ್ಳನೆಯ ಚಿತ್ರದ ಪುಸ್ತಕ. ಮೊದಲ ಹಾಳೆಯಲ್ಲೇ ತೋಳ, ಎರಡನೆಯದರಲ್ಲೂ ತೋಳ. ಎಲ್ಲ ಅಂಟಿಸಿದರೆ ಉಳಿಯುವುದು ರಟ್ಟು ಮಾತ್ರ. ಬಟ್ಟೆಯ ಚೂರನ್ನು ಅಂಟಿನಲ್ಲಿ ಅದ್ದಿ ಹಿಡಿದಿದ್ದ, ಬಾಗಿಲಲ್ಲಿ ನೆರಳು ಬಿತ್ತು.

ಸಂಗವ್ವ ನಿಂತಿದ್ದಳು. ಕೆನ್ನೆಯ ಮೇಲೆ ಅಪ್ಪ ಹೊಡೆದ ಗುರುತು ಇನ್ನೂ ಇತ್ತು.

"ಮಾಸ್ತರ, ಒಂದ ಸಲ ಕೊಡ್ರಿ. ಕಡೀ ಚಿತ್ರ ನೋಡಿ ಹೋಗತೀನಿ."

ಅವನು ಬೇಡವೆನ್ನಲಿಲ್ಲ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೊನೆಯ ಚಿತ್ರ ತೆಗೆದಳು. ತೋಳವೂ ಮರಿಯೂ ಜೋಡಿಯಾಗಿ, ಬೆನ್ನು ತೋರಿಸಿ, ಗುಡ್ಡ ಹತ್ತುತ್ತಿದ್ದವು. ಕೆಳಗೆ ಒಂದೇ ಸಾಲು: ಗುಡ್ಡದ ಆಚೆ ಹಸಿರು ಹುಲ್ಲಿದೆ ಬಾ, ಎಂದಿತು ತೋಳ. ಅಲ್ಲಿಗೆ ಪುಸ್ತಕ ಮುಗಿದಿತ್ತು.

"ಹುಲ್ಲ ತಿಂದು ಎಷ್ಟ ದಿನಕ್ಕ ತಿರುಗಿ ಬರ್ತಾವ್ರಿ?" ಅವಳು ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದಳು. "ಚುಕ್ಕಿಗೆ ಹಾಲ ತಗದ ಇಟ್ಟೀನ್ರಿ. ಕೆಟ್ಟ ಹೋಗತೈತಿ."

ಶಿವಯೋಗೆಪ್ಪನ ಕೈಯಿಂದ ಅಂಟು ಮೇಜಿನ ಮೇಲೆ ತೊಟ್ಟಿಕ್ಕಿತು. ಆಗ ಅವನಿಗೆ ನೆನಪಾಯಿತು, ಅಲ್ಲಿಗೆ ಪುಸ್ತಕ ಮುಗಿದಿರಲಿಲ್ಲ. ಮುಗಿಸಿದವನು ಅವನು. ಹೋದ ವರ್ಷ ಸಾವಕಾರರು ಈ ಪುಸ್ತಕದ ಕಡೆಯ ಹಾಳೆಗಳನ್ನು ತೋರಿಸಿ, "ಸಣ್ಣ ಕೂಸಗೋಳು ಓದೂ ಪುಸ್ತಕದಾಗ ರಕ್ತಾ ಮಾಂಸಾ ಏನ್ರಿ ಇದು? ಹುಡುಗರು ಅಂಜತಾವ," ಎಂದಿದ್ದರು. ಇವನು ತೋಳ ಮರಿಯನ್ನು ತಿನ್ನುವ ಹಾಳೆಗಳನ್ನೆಲ್ಲ ಕೂಡಿಸಿ ಹಿಂದಿನ ರಟ್ಟಿಗೇ ಅಂಟಿಸಿದ್ದ. ಬೇರೆ ಪುಸ್ತಕಗಳಲ್ಲಿ ದಪ್ಪ ಹಾಳೆ ನಡುವೆ ಇರುತ್ತಿತ್ತು, ಏನೋ ಮುಚ್ಚಿದೆ ಎಂದಾದರೂ ಮಕ್ಕಳಿಗೆ ತಿಳಿಯುತ್ತಿತ್ತು. ಇದರಲ್ಲಿ ಅದೂ ಇಲ್ಲ. ರಟ್ಟು ಸ್ವಲ್ಪ ದಪ್ಪ, ಅಷ್ಟೇ. ಅಮಸಿದ್ದ ಬೈದು ಹೋದ ಪುಸ್ತಕವನ್ನು ಬರೆದವನು ಬರೆದೇ ಇರಲಿಲ್ಲ.

ಅವನು ಬಟ್ಟೆಯ ಚೂರನ್ನು ಬೋಗುಣಿಗೆ ಹಾಕಿದ. ಮೊದಲು ಬಂದ ಯೋಚನೆ ಒಳ್ಳೆಯದಲ್ಲ, ಆದರೆ ಬಂದದ್ದು ಅದೇ: ಸುಮ್ಮನಿದ್ದುಬಿಡೋಣ. ಹೇಳಿದರೆ ಅಮಸಿದ್ದ ಸಿಟ್ಟಿಗೇಳುತ್ತಾನೆ, ಸಾವಕಾರರ ಅಂಗಡಿಯ ಮುಂದೆ ನಿಂತು ಕೂಗಾಡುತ್ತಾನೆ, ಸಾವಕಾರರು ಖೋಲಿ ಕಿತ್ತುಕೊಳ್ಳುತ್ತಾರೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಈ ಹುಡುಗಿ ಮಾತ್ರ ಇನ್ನು ಪುಸ್ತಕ ಮುಟ್ಟುವುದಿಲ್ಲ, ಸಾಲಿಗೆ ಹೋಗುವುದಿಲ್ಲ, ಮಡ್ಡಿಯ ಮೇಲೆ ನಿಂತು ಗುಡ್ಡದ ಕಡೆ ನೋಡುತ್ತ ಹಾಲು ತೆಗೆದಿಡುತ್ತಾಳೆ. ದಣಿದ ಮನುಷ್ಯನಿಗೆ ಎರಡನೆಯದು ಹಗುರ. ವರ್ಷಗಟ್ಟಲೆ ಅವನು ಹಗುರವಾದುದನ್ನೇ ಆರಿಸಿಕೊಂಡು ಬಂದಿದ್ದ, ಆದರೂ ಯಾಕೋ ದಣಿವು ಮಾತ್ರ ಕಡಿಮೆಯಾಗಿರಲಿಲ್ಲ.

"ಮಾಸ್ತರ, ನಿಮಗೂ ಗೊತ್ತಿಲ್ಲೇನ್ರಿ?"

"ಗೊತ್ತೈತಿ ಯವ್ವಾ," ಎಂದು ಎದ್ದ. "ನಡಿ, ನಿಮ್ಮ ಹಟ್ಟಿಗೆ ಹೋಗೂನು. ನಿಮ್ಮಪ್ಪನ ಮುಂದ ಹೇಳತೀನಿ."

ಹೊತ್ತು ಇಳಿಯುವ ಸಮಯ. ಊರ ಹೊರಗಿನ ಹಟ್ಟಿಯಲ್ಲಿ ಅಮಸಿದ್ದ ಮರಿಗಳನ್ನು ತಾಯಂದಿರಿಗೆ ಬಿಡುತ್ತಿದ್ದ. ಮಾಸ್ತರನನ್ನೂ ಅವನ ಕೈಯಲ್ಲಿದ್ದ ಪುಸ್ತಕವನ್ನೂ, ಅದಕ್ಕಿಂತ ಹೆಚ್ಚಾಗಿ ಮಗಳನ್ನೂ ನೋಡಿ ಅವನ ಮುಖ ಗಂಟಿಕ್ಕಿತು. ಆದರೂ ಕಂಬಳಿ ಹಾಸಿದ.

"ಬರ್ರಿ, ಕುಂದ್ರಿ. ಅಂಟಸಿದ್ರೇನು?"

"ಇಲ್ಲೊ. ಅಂಟಸಿದ್ದ ಬಿಚ್ಚಾಕ ಬಂದೀನಿ. ಈ ಪುಸ್ತಕದಾಗ ತ್ವಾಳ ಚಲೋದಂತ ಬರದಿಲ್ಲ ಅಮಸಿದ್ದಾ. ಅದು ಮರೀನ ತಿಂತೈತಿ. ತಿಂದಿದ್ದ ಹಾಳಿ ನಾ ಅಂಟಸಿನಿ. ಹುಡುಗರು ಅಂಜತಾವಂತ ಸಾವಕಾರ್ರು ಹೇಳಿದ್ರು, ನಾ ಹೂಂ ಅಂದು ಅಂಟಸಿನಿ. ನಿನ್ನ ಮಗಳ ಕೈಯಾಗ ನಾ ಅರ್ಧಾ ಪುಸ್ತಕ ಕೊಟ್ಟಿದ್ನಿ."

ಇಷ್ಟು ಉದ್ದದ ಮಾತನ್ನು ಶಿವಯೋಗೆಪ್ಪ ಆಡಿ ಎಷ್ಟೋ ದಿನವಾಗಿತ್ತು. ಅಮಸಿದ್ದನಿಗೆ ಒಮ್ಮೆಲೇ ತಿಳಿಯಲಿಲ್ಲ. ತಿಳಿದ ಮೇಲೂ ಬೈಯಲಿಲ್ಲ. ಅಂಟು ನೆನೆಸಲು ಮಾಸ್ತರ ನೀರು ಕೇಳಿದಾಗ ತಾನೇ ತಂಬಿಗೆ ತಂದುಕೊಟ್ಟ.

ಜೋಳದ ಅಂಟು ಹೆಚ್ಚು ಹಟ ಮಾಡಲಿಲ್ಲ. ಒದ್ದೆ ಬಟ್ಟೆ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಹಾಳೆಯ ಅಂಚು ಎದ್ದು ನಿಂತಿತು. ಹಿಟ್ಟಿನ ಪುಡಿ ಮಡಿಲಿಗೆ ಉದುರಿತು. ಗೋದಿಯದಾಗಿದ್ದರೆ ಅಕ್ಷರಗಳೂ ಕಿತ್ತು ಬರುತ್ತಿದ್ದವು. ಸಂಗವ್ವ ಹತ್ತಿರ ಬಗ್ಗಿ ನೋಡುತ್ತಿದ್ದಳು.

"ಬಿಚ್ಚಿದ್ರ ವಿದ್ಯಾ ಹೋಗತೈತಲ್ರಿ?"

"ಹೋದ್ರ ನಂದ ಹೋಗಲಿ. ನೀ ಓದು."

ಅವಳು ಬೆರಳಿಟ್ಟು, ಸಾಲಿಯಲ್ಲಿ ಓದುವಂತೆ ಗಟ್ಟಿಯಾಗಿ ಓದತೊಡಗಿದಳು. "ಗುಡ್ಡದ ಆಚೆ ಹುಲ್ಲು ಇರಲಿಲ್ಲ. ಹುಲ್ಲು ಎಲ್ಲಿ ಗೆಳೆಯಾ, ಎಂದು ಮರಿ ಕೇಳಿತು. ಹುಲ್ಲು ಬೇಕಾದದ್ದು ನಿನಗೆ, ನನಗಲ್ಲ, ಎಂದಿತು ತೋಳ." ದನಿ ಸಣ್ಣದಾಯಿತು, ನಿಲ್ಲಲಿಲ್ಲ. ಚಿತ್ರದಲ್ಲಿ ಕೆಂಪು ಬಣ್ಣವಿತ್ತು. ಅದನ್ನು ಅಂಗೈಯಿಂದ ಮುಚ್ಚಿಕೊಂಡು ಕೆಳಗಿನ ಸಾಲು ಓದಿದಳು. ಕಡೆಯ ಹಾಳೆಗೆ ಬಂದಳು. "ಮರುದಿನ ತಾಯಿಕುರಿ ಹುಡುಕುತ್ತ ಬಂತು. ಜಾಲಿಯ ಮುಳ್ಳಿಗೆ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅದು ತನ್ನ ಮರಿಯದೇ ಎಂದು ತಾಯಿಗೆ ವಾಸನೆಯಿಂದ ತಿಳಿಯಿತು."

ಅವಳ ಬೆರಳು ಅಲ್ಲೇ ನಿಂತಿತು. ಆಮೇಲೆ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಯಪ್ಪಾ. ನಿನಗೂ ಸಿಕ್ಕಿತ್ತೇನ?"

ಅಮಸಿದ್ದ ಕುರಿಗಳ ಕಡೆ ತಿರುಗಿದ. ತಿರುಗಿದರೆ ಮುಗಿಯುವ ಮಾತಲ್ಲ ಎಂದು ಅವನಿಗೂ ಗೊತ್ತಾಗಿರಬೇಕು.

"ಹೂಂ," ಎಂದ.

"ಜಾಲಿಗಿಡದಾಗ?"

"ಹೂಂ ಯವ್ವಾ. ಚುಕ್ಕಿ ಬರೂದಿಲ್ಲ."

ಮೂರು ದಿನದಿಂದ ಊಟ ಬಿಟ್ಟು ಕೂತಿದ್ದರೂ ಕಣ್ಣೀರು ಹಾಕದಿದ್ದ ಹುಡುಗಿ ಆಗ ಅತ್ತಳು. ಪುಸ್ತಕ ನೆನೆಯಬಾರದೆಂದು ಅದನ್ನು ದೂರ ಸರಿಸಿ ಅತ್ತಳು. ಬರುತ್ತದೆ, ಅಳಬೇಡ ಎಂದು ಯಾರೂ ಹೇಳಲಿಲ್ಲ. ಅಳು ಇಳಿದ ಮೇಲೆ ಅವಳು ಮೂಗು ಒರೆಸಿಕೊಂಡು, ಸಿಟ್ಟಿಲ್ಲದೆ, ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು:

"ಇದನ್ನ ಮೊದಲ ಓದಿದ್ರ ನಾ ಕಲ್ಲ ಒಗೀತಿದ್ನ್ರಿ ಮಾಸ್ತರ."

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶಿವಯೋಗೆಪ್ಪ ತಲೆ ತಗ್ಗಿಸಿ, ಮಡಿಲಿನ ಮೇಲಿನ ಹಿಟ್ಟಿನ ಪುಡಿ ಜಾಡಿಸಿಕೊಳ್ಳುತ್ತ ಕೂತ. ಅಮಸಿದ್ದನೇ ಅವನನ್ನು ಹಟ್ಟಿಯ ಬಾಗಿಲವರೆಗೆ ಕಳಿಸಲು ಬಂದ.

"ನಾಳಿಂದ ಸಾಲಿಗೆ ಬರ್ತಾಳ್ರಿ. ನಿಮ್ಮಲ್ಲಿಗೂ ಬರ್ತಾಳ. ಆದ್ರ ಒಂದ ಮಾತು. ಕೊಟ್ರ ಪೂರಾ ಪುಸ್ತಕ ಕೊಡ್ರಿ ಮಾಸ್ತರ್ರ. ಅರ್ಧಾ ಕೊಡಬ್ಯಾಡ್ರಿ."

ಮನೆಯ ದಾರಿಯಲ್ಲೇ ಸಾವಕಾರರ ಅಂಗಡಿ. ಸಾವಕಾರರು ದೀಪಕ್ಕೆ ಕೈಮುಗಿಯುತ್ತಿದ್ದರು. ತಪ್ಪಿಸಿಕೊಂಡು ಹೋಗಲು ಹಿಂದಿನ ಓಣಿಯಿತ್ತು; ಶಿವಯೋಗೆಪ್ಪನಿಗೆ ಸುತ್ತಿ ಬರುವ ಶಕ್ತಿಯಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳಿದ. ಸಾವಕಾರರು ಕೊನೆಯವರೆಗೂ ಕೇಳಿಸಿಕೊಂಡರು.

"ಪಾಪ, ಮರಿ ಹೋತು. ಆದ್ರ ಅದಕ್ಕೂ ಇದಕ್ಕೂ ಏನ್ರಿ ಸಂಬಂಧ? ನಾ ಹುಡುಗರು ಅಂಜಬಾರದಂತ ಮುಚ್ಚಿಸಿನಿ."

"ಅಕಿ ಅಂಜಬೇಕಾಗಿತ್ರಿ ಸಾವಕಾರ್ರ."

ಸಾವಕಾರರಿಗೆ ಎದುರು ಮಾತು ಕೇಳಿ ರೂಢಿಯಿರಲಿಲ್ಲ, ಅದೂ ಈ ಮನುಷ್ಯನಿಂದ. ದೀಪದ ಬತ್ತಿಯನ್ನು ಸರಿ ಮಾಡಿದರು.

"ಅಂದ್ರ ಇನ್ನ ಅಂಟಸೂದಿಲ್ಲ ಅಂತೀರಿ."

"ಇಲ್ರಿ. ಅಂಟಸಿದ್ದೂ ಬಿಚ್ಚತೀನಿ."

"ಹಂಗಾದ್ರ ಬರೂ ಯುಗಾದಿಗೆ ಖೋಲಿ ಖಾಲಿ ಮಾಡಿಕೊಡ್ರಿ. ನನಗ ಜ್ವಾಳದ ಚೀಲ ಇಡಾಕ ಜಾಗಾ ಸಾಲವಲ್ದು." ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ತಮ್ಮ ಖೋಲಿ, ತಾವು ತಂದ ಪುಸ್ತಕ, ತಾವು ಬಯಸಿದ ಒಳ್ಳೆಯದು.

ಶಿವಯೋಗೆಪ್ಪ "ಆತ್ರಿ" ಎಂದು ಎದ್ದ. ಆ ಸುಲಭದ ಮಾತು ಆ ದಿನ ಎರಡನೆಯ ಸಲ ಬಂತು, ಆದರೆ ಬೇರೆ ತೂಕದಲ್ಲಿ ಬಂತು. ಮನೆಗೆ ಬಂದು ಮಲಕವ್ವನಿಗೆ ಹೇಳಿದ. "ಕಪಾಟ ನಮ್ಮ ಪಡಸಾಲ್ಯಾಗ ಹಿಡಿತೈತೇನು ನೋಡ್ರಿ," ಎಂದು ರೊಟ್ಟಿ ಬಡಿಯಲು ಕೂತಳು.

ಮರುದಿನ ವಾಚನಾಲಯದ ಕುಲೂಪು ತೆಗೆಯುವಾಗ ಸಂಗವ್ವ ಆಗಲೇ ಮೆಟ್ಟಿಲ ಮೇಲಿದ್ದಳು. ಅತ್ತ ಕಣ್ಣು ಇನ್ನೂ ಊದಿತ್ತು. ಒಳಗೆ ಮೇಜಿನ ಮೇಲೆ ನಿನ್ನೆಯ ಅಂಟಿನ ಬೋಗುಣಿ ಹಾಗೇ ಇತ್ತು, ಅಂಟು ಒಣಗಿ ಬಿರುಕು ಬಿಟ್ಟಿತ್ತು. ಅವಳು ಅದನ್ನು ಹೊರಗೆ ಒಯ್ದು ಬೂದಿ ಹಾಕಿ ತಿಕ್ಕಿ, ನೀರು ತುಂಬಿಕೊಂಡು ಬಂದಳು. ಸಣ್ಣ ಕಪಾಟು ತೆರೆದು, ಸಾವಕಾರರ ಮೊಮ್ಮಗಳು ಓದಿ ಗುಡಿಯ ಬಾಗಿಲು ಯಾಕೆ ಹಾಕುತ್ತಾರೆ ಎಂದು ಕೇಳಿದ್ದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ತೆಗೆದಳು. ಬಟ್ಟೆಯನ್ನು ಅದ್ದಿ ಹಿಂಡಿ, ನಿನ್ನೆ ನೋಡಿ ಕಲಿತ ಹಾಗೆ, ದಪ್ಪ ಹಾಳೆಯ ಅಂಚಿಗೆ ಒತ್ತಿದಳು.

ಶಿವಯೋಗೆಪ್ಪ ತಾನೂ ಒಂದು ಪುಸ್ತಕಕ್ಕೆ ಕೈ ಚಾಚಿದ.

"ಬಿಡ್ರಿ ಮಾಸ್ತರ, ನಾ ಬಿಚ್ಚತೀನಿ," ಎಂದಳು ಸಂಗವ್ವ ತಲೆಯೆತ್ತದೆ. "ನೀವು ಕುಂದ್ರಿ."

ಅವನು ಕೂತ.